ರೂಟಿನ ಚಾವಣಿ ಎಲ್ಲಿಯವರೆಗೆ?

ನಾನು ಫೋನಿನಲ್ಲಿ ಕಳಿಸುವ ಸಂದೇಶಗಳಲ್ಲಿ ಅಲ್ಲಲ್ಲಿ ಖಾಲಿ ಜಾಗ ಇರುತ್ತದೆ. ಬರೆಯುತ್ತ ಬರೆಯುತ್ತ ಯಾವುದೋ ಹೆಸರು ನೆನಪಾಗದಿದ್ದರೆ ಅಲ್ಲಿ ಮೂರಕ್ಷರದಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತೇನೆ, ಆಮೇಲೆ ತುಂಬಿದರಾಯಿತು ಅಂತ. ಆಮೇಲೆ ಮರೆತು ಹಾಗೇ ಕಳಿಸಿಬಿಡುತ್ತೇನೆ. ಮೊನ್ನೆ ಸಿದ್ದಾಪುರದ ತಂಗಿಗೆ 'ಬರುವಾಗ ಮರೆಯದೆ ತಗೊಂಡು ಬಾ' ಎಂದು ಕಳಿಸಿದೆ. ಏನನ್ನು ಎನ್ನುವ ಕಡೆ ಬರೀ ಜಾಗ. ಅವಳು ಫೋನ್ ಮಾಡಿ, "ಎಂತ ತರವು ಹೇಳಿ ಬರದ್ದೇ ಇಲ್ಯಲೇ ಅಕ್ಕಾ. ನಿಂಗೆ ವಯಸ್ಸಾತು" ಎಂದಳು.

ವಯಸ್ಸಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಚಟ ನನಗೆ ಹರೆಯದಲ್ಲೇ ಅಂಟಿದ್ದು. ಅದನ್ನು ಅಂಟಿಸಿದ್ದು ಗಣಿತ. ನಗಬೇಡಿ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಎಷ್ಟು ಬಂದಿತ್ತು ಅಂತ ಕೇಳಲೂಬೇಡಿ. ಕೇಳಿದರೂ ಅಲ್ಲೊಂದು ಖಾಲಿ ಜಾಗ ಬಿಟ್ಟು ಮುಂದೆ ಹೋಗುವವಳು ನಾನು.

ಓದು ಅಲ್ಲಿಗೆ ನಿಂತ ಮೇಲೆ ಶಿರಸಿ ಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ಕೆಳಗೆ ಸೈಕಲ್ ಅಂಗಡಿ, ಮೇಲೆ ನಾವು. ಕೆಳಗಿನಿಂದ ಟ್ಯೂಬಿಗೆ ಹಚ್ಚುವ ಸೊಲ್ಯೂಶನ್ ವಾಸನೆ ಬಂದರೆ, ಮೇಲೆ ತಪ್ಪು ತಿದ್ದಲು ನಮ್ಮ ಸ್ಟೆನ್ಸಿಲ್ಲಿಗೆ ಹಚ್ಚುವ ಕೆಂಪು ದ್ರವದ ವಾಸನೆ. ಎರಡೂ ಸೇರಿ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಒಂದು ಬಗೆಯ ತೂಕಡಿಕೆ. ಕಲಿಯಲು ಸೇರಿದವಳು ಕಲಿತು ಮುಗಿದ ಮೇಲೆ ಅಲ್ಲೇ ಉಳಿದೆ. ಊರಿನವರಿಗೆಲ್ಲ ಟೈಪಕ್ಕ ಆದೆ. ಈಗ ಆ ಇನ್‌ಸ್ಟಿಟ್ಯೂಟೂ ಇಲ್ಲ, ಸೈಕಲ್ ಅಂಗಡಿಯೂ ಇಲ್ಲ. ಟೈಪಕ್ಕ ಮಾತ್ರ ಇದ್ದೇನೆ.

ಆಗ ಶಾಲೆ ಕಾಲೇಜುಗಳ ಪ್ರಶ್ನೆಪತ್ರಿಕೆಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಸಿದ್ದಾಪುರದಿಂದ, ಯಲ್ಲಾಪುರದಿಂದ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಲಕೋಟೆ ಕಳಿಸುತ್ತಿದ್ದರು. ಟೈಪ್‌ರೈಟರಿನ ರಿಬ್ಬನ್ ತೆಗೆದು, ಮೇಣದ ಸ್ಟೆನ್ಸಿಲ್ ಹಾಳೆ ಹಾಕಿ, ಅಕ್ಷರ ಕತ್ತರಿಸುವ ಹಾಗೆ ಹೊಡೆಯಬೇಕು. ಕತ್ತರಿಸಿದ ಕಡೆ ಶಾಯಿ ಇಳಿದು ಪ್ರತಿಗಳು ಅಚ್ಚಾಗುತ್ತವೆ. ಇಂಗ್ಲಿಷಿನ ಓ ಅಕ್ಷರ ಒತ್ತಿ ಹೊಡೆದರೆ ಒಳಗಿನ ತುಣುಕೇ ಉದುರಿ, ಅಚ್ಚಾದ ಮೇಲೆ ಅಲ್ಲೊಂದು ಕರಿ ಬೊಟ್ಟು. ಮಿಕ್ಕ ವಿಷಯಗಳೆಲ್ಲ ಸಲೀಸು. ಗಣಿತ ಬಂತೆಂದರೆ ಎಲ್ಲರೂ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಯಾಕೆಂದರೆ ಅದರಲ್ಲಿ ಬರುವ ಅರ್ಧಕ್ಕರ್ಧ ಚಿಹ್ನೆಗಳು ಟೈಪ್‌ರೈಟರಿನಲ್ಲಿ ಇರಲಿಲ್ಲ. ಅಲ್ಲಿ ಮೂರಕ್ಷರದಷ್ಟು ಜಾಗ ಬಿಟ್ಟು ಮುಂದೆ ಹೋಗಬೇಕು. ಇಡೀ ಹಾಳೆ ಮುಗಿದ ಮೇಲೆ ಮೊಂಡು ಮೊನೆಯ ಉಕ್ಕಿನ ಪೆನ್ನು ಹಿಡಿದು ಬಿಟ್ಟ ಜಾಗದಲ್ಲೆಲ್ಲ ಕೈಯಿಂದ ಕೊರೆಯಬೇಕು. ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ಅಚ್ಚು ಮೂಡುವುದಿಲ್ಲ.

ಈ ಕೆಲಸದಲ್ಲಿ ನಾನು ಹೆಸರುವಾಸಿಯಾದೆ. ಸಣ್ಣವಳಿದ್ದಾಗ ರಂಗೋಲಿ ಎಳೆದ ಕೈ, ಗೆರೆ ಎಲ್ಲಿ ಬಾಗಬೇಕೋ ಅಲ್ಲೇ ಬಾಗುತ್ತಿತ್ತು. ಆದರೆ ಆ ಚಿಹ್ನೆಗಳ ಹೆಸರು ನನಗೆ ಗೊತ್ತಿಲ್ಲವಲ್ಲ, ನಾನೇ ಒಂದೊಂದಕ್ಕೆ ಹೆಸರಿಟ್ಟುಕೊಂಡಿದ್ದೆ. ಒಂದು ಮಗ್ಗುಲಾಗಿ ಮಲಗಿದ ಎಂ. ಇನ್ನೊಂದು ಹೆಡೆಯೆತ್ತಿದ ನಾಗರ. ಮತ್ತೊಂದು ಕನ್ನಡಕ. ಹೊಟ್ಟೆಗೆ ಗೆರೆ ಎಳೆದುಕೊಂಡ ಒಂದು ಸೊನ್ನೆ. ರೂಟ್ ಒಂದು ಮಾತ್ರ ಶಾಲೆಯಿಂದ ಪರಿಚಯ. ಅದರ ಮೇಲಿನ ಅಡ್ಡಗೆರೆಗೆ ನಾನು ಚಾವಣಿ ಅನ್ನುತ್ತಿದ್ದೆ.

ಒಂದು ದಿನ ಮಲಗಿದ ಎಂ ಅನ್ನು ಕೊರೆಯುತ್ತಿದ್ದವಳು ನಮ್ಮ ಮಾಸ್ತರರನ್ನು, ಅಂದರೆ ಇನ್‌ಸ್ಟಿಟ್ಯೂಟಿನ ಮಾಲೀಕರನ್ನು, "ಇದು ಎಂತ ಮಾಸ್ತರೇ?" ಎಂದು ಕೇಳಿದೆ. ಅವರು ಎಲೆಯಡಿಕೆಯ ಕವಳ ಜಗಿಯುತ್ತ, "ತಂಗೀ, ಅರ್ಥ ಕಟ್ಕಂಡು ನೀ ಎಂತ ಮಾಡ್ತೆ? ಚಂದ ಮಾಡಿ ಬರಿ. ಅಷ್ಟೇ ಸಾಕು" ಎಂದರು. ಒಳ್ಳೆಯ ಮನುಷ್ಯ. ಹಬ್ಬಕ್ಕೆ ಸೀರೆ ಕೊಡಿಸುತ್ತಿದ್ದರು. ಅವರಿಗೂ ಅದರ ಅರ್ಥ ಗೊತ್ತಿರಲಿಲ್ಲವೆಂದು ಈಗ ಅನಿಸುತ್ತದೆ. ಆದರೆ ಆ ಮಾತು ನನ್ನ ಗಂಟಲಲ್ಲಿ ಇವತ್ತಿಗೂ ಮೀನಿನ ಮುಳ್ಳಿನಂತೆ ಇದೆ, ಮೀನು ತಿನ್ನದ ಜಾತಿಯವಳಾದರೂ.

ಚಿಹ್ನೆ ಅಂದರೆ ಹೆದರುವ ಮನೆಯಿಂದ ಬಂದವಳಲ್ಲ ನಾನು. ನಮ್ಮದು ಭೈರುಂಬೆಯ ಹತ್ತಿರ. ನಾವು ಆಯಿ ಎಂದು ಕರೆಯುತ್ತಿದ್ದ ಅಮ್ಮ ವರ್ಷಕ್ಕೆ ಎಷ್ಟೋ ಭರಣಿ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದಳು. ಎಲ್ಲ ಭರಣಿಗಳೂ ಒಂದೇ ಥರ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಕತ್ತಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದವು. ಯಾವುದು ಯಾವುದೆಂದು ತಿಳಿಯಲು ಆಯಿ ಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಒಂದು ಚುಕ್ಕಿ ಇದ್ದರೆ ಬರೀ ಉಪ್ಪಿನಲ್ಲಿದೆ. ಎರಡು ಚುಕ್ಕಿ ಇದ್ದರೆ ಖಾರ ಬಿದ್ದಿದೆ. ಚುಕ್ಕಿಯ ಸುತ್ತ ಬಳೆ ಇದ್ದರೆ ಅದು ಮದುವೆ ಮುಂಜಿಗೆಂದು ಎತ್ತಿಟ್ಟದ್ದು, ಕೈ ಹಾಕಿದರೆ ಬೆನ್ನು ಮುರಿಯುತ್ತದೆ. "ಬಳೆ ಇಪ್ಪದ್ರ ಮುಟ್ಟಡ, ಹೇಳಿದ್ದಿ" ಎಂದು ಆಯಿ ಒಮ್ಮೆ ಹೇಳಿದ್ದಳು, ಅಷ್ಟೇ. ನಾವು ಮಕ್ಕಳು ಆ ಸುಣ್ಣದ ಗುರುತು ನೋಡಿ ಇದು ಕಷ್ಟ, ನಮ್ಮ ತಲೆಗೆ ಹೋಗುವುದಿಲ್ಲ ಅಂತ ಒಂದು ದಿನವೂ ಅಂದವರಲ್ಲ. ಮುಟ್ಟಿದರೆ ಏನಾಗುತ್ತದೆಂದು ಗೊತ್ತಿತ್ತು, ಹಾಗಾಗಿ ಗುರುತೂ ಗೊತ್ತಿತ್ತು.

ಗಣಿತದ ಪುಸ್ತಕ ಬರೆಯುವವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಆಯಿಯಷ್ಟಾದರೂ ಹೇಳಬೇಕಲ್ಲ! ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಎದುರು ಕೂತವರ ಪರಿಚಯ ಯಾರೂ ಮಾಡಿಸದಿದ್ದರೆ ಊಟ ಮುಗಿಯುವವರೆಗೂ ಒಬ್ಬರ ಮುಖ ಒಬ್ಬರು ನೋಡುತ್ತ ಹುಳಿ ಕಲಸುತ್ತಿರಬೇಕು. ನನಗೂ ಆ ಮಲಗಿದ ಎಂಗೂ ಅಷ್ಟು ವರ್ಷ ಹಾಗೇ ಆಯಿತು.

ಈಗ ನಸೀಮಾಳ ವಿಷಯಕ್ಕೆ ಬರುತ್ತೇನೆ. ಬರದಿದ್ದರೆ ಇದೆಲ್ಲ ಮುದುಕಿಯ ಗೊಣಗಾಟ ಆಗುತ್ತದೆ.

ಶಿರಸಿಯಲ್ಲಿ ನಮ್ಮ ಓಣಿಯ ತುದಿಯಲ್ಲಿ ರಫೀಕನ ಮನೆ. ಅವನದು ಸಾಮಾನು ಸಾಗಿಸುವ ಟೆಂಪೋ. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಅಲ್ಲಲ್ಲಿ ಬಾಳೆಗೊನೆ ಹೇರಿಕೊಂಡು ಹೋಗಿ ಯಲ್ಲಾಪುರದಲ್ಲಿ ಇಳಿಸಿ ಬರುತ್ತಾನೆ. ಅವನ ಮಗಳು ನಸೀಮಾ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನನ್ನ ಹತ್ತಿರ ಟೈಪಿಂಗ್ ಕಲಿಯಲು ಬಂದಳು. ನಾನು ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಈಗಲೂ ಕಲಿಸುತ್ತೇನೆ. ಹಳೆಯ ಇನ್‌ಸ್ಟಿಟ್ಯೂಟಿನಲ್ಲಿ ಕೀ ನೋಡಿ ಹೊಡೆಯುವವರ ಬೆರಳ ಮೇಲೆ ಮರದ ಪೆಟ್ಟಿಗೆ ಕವುಚಿ ಹಾಕುತ್ತಿದ್ದರು. ಇವಳಿಗೆ ಪೆಟ್ಟಿಗೆಯ ಗೊಡವೆಯೇ ಇಲ್ಲ. ನಾನು ಕಲಿಸಿದವರಲ್ಲೆಲ್ಲ ಅತಿ ಬೇಗ ಕಲಿತವಳು ಅವಳೇ.

ಕಂಪ್ಯೂಟರ್ ಅವಳಿಗೆ ಬರೆದದ್ದನ್ನೆಲ್ಲ ಓದಿ ಹೇಳುತ್ತದೆ. ಹೆಂಗಸಿನ ಧ್ವನಿ, ಸ್ವಲ್ಪ ಮೂಗಿನಲ್ಲಿ. ಪಿಯುಸಿಗೆ ಸೇರಿದ ಮೇಲೆ ಒಂದು ಸಂಜೆ ಅವಳು ಗಣಿತದ ಪಾಠ ಕೇಳಿಸಿಕೊಳ್ಳುತ್ತಿದ್ದಾಗ ನಾನು ಪಕ್ಕದಲ್ಲಿ ಅವರೆ ಸುಲಿಯುತ್ತಿದ್ದೆ. ಆ ಧ್ವನಿ ಚೆನ್ನಾಗಿಯೇ ಓದುತ್ತಿತ್ತು. ಚಿತ್ರವಾಗಿ ಅಂಟಿಸಿದ್ದ ಸೂತ್ರ ಬಂದ ಕೂಡಲೇ ಬರೀ 'ಚಿತ್ರ' ಎಂದು ಹೇಳಿ ಮುಂದೆ ಹೋಯಿತು. ಮತ್ತೆ ನಾಲ್ಕು ಸಾಲು, ಮತ್ತೆ 'ಚಿತ್ರ'. ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಅಲ್ಲಾ, ಇದೂ ಜಾಗ ಬಿಟ್ಟು ಹೋಗುತ್ತಿದೆಯಲ್ಲ! ನನ್ನ ಹಾಗೆಯೇ!

"ಆ ಚಿತ್ರ ಅಂದ ಕಡೆ ಎಂತ ಇತ್ತು ಅಂತ ನಿಂಗೆ ಯಾರು ಹೇಳ್ತಾರೆ?" ಎಂದು ಕೇಳಿದೆ.

"ಯಾರೂ ಇಲ್ಲ ಅಕ್ಕಾ" ಎಂದಳು ನಸೀಮಾ. "ಅದಕ್ಕೇ ಸರ್ ಗಣಿತ ಬಿಡು ಅಂತಿದಾರೆ. ಮುಂದಿನ ವಾರ ಒಂದು ಪರೀಕ್ಷೆ ಮಾಡ್ತಾರಂತೆ. ಬಾಯಲ್ಲಿ ಕೇಳ್ತಾರೆ, ಬಾಯಲ್ಲೇ ಹೇಳ್ಬೇಕು. ಆಗದೇ ಇದ್ರೆ ಸಮಾಜಶಾಸ್ತ್ರ."

"ನಿಂಗೆ ಬೇಕಾ ಗಣಿತ?"

"ಬೇಕು."

ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ಕಣ್ಣಿರುವ ಮಕ್ಕಳನ್ನು ಯಾರೂ ಕೇಳುವುದಿಲ್ಲವಲ್ಲ, ಇವಳನ್ನು ಮಾತ್ರ ಯಾಕೆ ಕೇಳಬೇಕು? ಅವರೆಕಾಯಿ ಒಳಗಿಟ್ಟು ಕೈ ತೊಳೆದು ಬಂದೆ. "ಪುಸ್ತಕ ಕೊಡು. ನಾ ಓದ್ತೆ" ಎಂದೆ. ಎಷ್ಟು ಧೈರ್ಯ ನೋಡಿ. ಗಣಿತದ ಹಾಳೆ ನನ್ನಷ್ಟು ಕೊರೆದವರು ಈ ಮೂರು ತಾಲೂಕಿನಲ್ಲಿ ಯಾರಿದ್ದಾರೆ ಎನ್ನುವ ಜಂಬ.

ಓದಲು ಕೂತ ಮೇಲೆ ಜಂಬ ಇಳಿಯಿತು. ಮೊದಲನೇ ಸೂತ್ರದಲ್ಲೇ ನನ್ನ ಹಳೆಯ ಗೆಳೆಯ ಎದುರು ಬಂದ. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. "ಇಲ್ಲಿ ಒಂದು ಎಂ ಮಗ್ಗುಲಾಗಿ ಮಲಗಿದೆ" ಎಂದೆ.

ನಸೀಮಾ ಮೇಜಿನ ಮೇಲೆ ಬೆರಳಿಂದ ಮೂರು ಸಲ ಒತ್ತಿದಳು. "ಅಕ್ಕಾ, ನಂಗೆ ಎಂ ಅಂದ್ರೆ ಮೂರು ಚುಕ್ಕಿ. ಬ್ರೈಲಿನಲ್ಲಿ ಹಾಗೇ ಇರ್ತದೆ. ಮೂರು ಚುಕ್ಕಿ ಮಲಗಿದ್ರೆ ಹೇಗಿರ್ತದೋ ನಂಗೆ ಗೊತ್ತಿಲ್ಲ. ಹೇಗಿದೆ ಅಂತ ಬೇಡ. ಅದು ಎಂತ ಮಾಡ್ತದೆ, ಅದು ಹೇಳಿ."

ಅದು ಎಂತ ಮಾಡುತ್ತದೆ! ನಾನು ಮಾಸ್ತರರ ಹತ್ತಿರ ಕೇಳಿದ್ದೂ ಇದನ್ನೇ ಅಲ್ಲವಾ? ಈಗ ಈ ಹುಡುಗಿ ನನ್ನನ್ನು ಕೇಳುತ್ತಿದ್ದಾಳೆ. ಅರ್ಥ ಕಟ್ಟಿಕೊಂಡು ನೀನೇನು ಮಾಡುತ್ತೀ ಎಂದು ಅವಳಿಗೂ ನಾನು ಹೇಳಬೇಕೇ? ಅವತ್ತು ನನಗೆ ಬಂದಷ್ಟು ಹಟ ಮದುವೆ ಬೇಡವೆಂದು ಕೂತಾಗಲೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಹುಡುಕಲು ಶುರುಮಾಡಿದೆ. ಗೊತ್ತಿಲ್ಲದ ಶಬ್ದವನ್ನು ನಿಘಂಟಿನಲ್ಲಿ ನೋಡಬಹುದು. ಗೊತ್ತಿಲ್ಲದ ಚಿಹ್ನೆಯನ್ನು ಯಾವ ಅಕ್ಷರದ ಕೆಳಗೆ ಹುಡುಕಬೇಕು? ಫೋನಿನಲ್ಲಿ ಹುಡುಕೋಣವೆಂದರೆ ಹೆಸರು ಬೇಕು. ಹೆಸರು ಗೊತ್ತಿದ್ದರೆ ಹುಡುಕುವುದೇಕೆ? ಆದರೂ 'ಮಲಗಿದ ಎಂ' ಎಂದು ಬರೆದು ನೋಡಿದೆ. ಮಕ್ಕಳನ್ನು ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬ ಬಗ್ಗೆ ಬಹಳ ಸಲಹೆಗಳು ಬಂದವು.

ಕೊನೆಗೆ ಕಾಲೇಜಿಗೇ ಹೋದೆ. ಗಣಿತದ ಲೆಕ್ಚರರ್ ಹಾವೇರಿ ಕಡೆಯವರು. ಶಿಸ್ತಿನ ಮನುಷ್ಯ, ಸೀಮೆಸುಣ್ಣದ ಪುಡಿ ಬಿದ್ದ ತೋಳನ್ನು ಮಾತಿಗೊಮ್ಮೆ ಕೊಡವಿಕೊಳ್ಳುತ್ತಾರೆ. "ಕೂಡ್ರಿ ಮೇಡಂ" ಎಂದು ಕುರ್ಚಿ ಎಳೆದು ಕೊಟ್ಟರು. ನಾನು ಬಂದ ಕಾರಣ ಹೇಳಿದೆ.

"ನೋಡ್ರೀ, ಹುಡುಗಿ ಶಾಣ್ಯಾ ಅದಾಳ, ನಾ ಇಲ್ಲ ಅನ್ನಂಗಿಲ್ಲ" ಎಂದರು. "ಆದ್ರ ಗಣಿತ ಅಂದ್ರ ಕಣ್ಣಿನ ಕೆಲಸ ಐತಿ. ಬೋರ್ಡ್ ಮ್ಯಾಲೆ ನೋಡಬೇಕು, ತಿಳ್ಕೋಬೇಕು. ನಾಳೆ ಫೇಲಾದ್ರ ಆಕಿ ಮನಸ್ಸು ಮುರೀತದ. ಸಮಾಜಶಾಸ್ತ್ರ ತಗೊಂಡ್ರ ಚಲೋ ಮಾರ್ಕ್ಸ್ ಬರ್ತಾವ. ಮತ್ತ ನಿಮಗ್ಯಾಕ್ರೀ ಈ ವಯಸ್ಸಿನಾಗ ಇದೆಲ್ಲಾ?"

ಆ ಕೊನೆಯ ಮಾತೊಂದನ್ನು ಆಡದಿದ್ದರೆ ನಾನು ನಮಸ್ಕಾರ ಹೇಳಿ ಬರುತ್ತಿದ್ದೆನೇನೋ. "ಪರೀಕ್ಷೆ ಯಾವ ದಿನ ಅಂತ ಮಾತ್ರ ಹೇಳಿ ಸರ್" ಎಂದು ಎದ್ದೆ.

ದಾರಿ ಸಿಕ್ಕಿದ್ದು ಪುಸ್ತಕದಲ್ಲೇ. ಅದುವರೆಗೆ ನಾನು ಸೂತ್ರ ಎದುರಾದಲ್ಲಿಂದ ಮುಂದೆ ಮುಂದೆ ಓದುತ್ತಿದ್ದೆ. ಮದುವೆ ಮನೆಯಲ್ಲಿ ಗುರುತಿಲ್ಲದವರನ್ನು ಕಂಡರೆ ನಾವು ಏನು ಮಾಡುತ್ತೇವೆ? ಇವರು ಯಾರ ಜೊತೆ ಬಂದರು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುತ್ತೇವೆ. ಹಾಗೇ ಪುಟಗಳನ್ನು ಹಿಂದೆ ಹಿಂದೆ ಮಗುಚುತ್ತ ಹೋದೆ. ಆ ಚಿಹ್ನೆ ಮೊದಲ ಸಲ ಕಾಣಿಸಿಕೊಂಡ ಪುಟದಲ್ಲಿ, ಒಂದೇ ಒಂದು ಸಾಲಿನಲ್ಲಿ, ಅದರ ಪರಿಚಯ ಇತ್ತು. ಹೆಸರು ಸಿಗ್ಮಾ. ಕೆಲಸ, ಕೂಡಿಸುವುದು.

ಒಂದು ಸಾಲು! ಅಷ್ಟು ವರ್ಷ ಬೆನ್ನು ಬಗ್ಗಿಸಿ, ಮೂಲೆ ಹರಿಯದ ಹಾಗೆ ಉಸಿರು ಹಿಡಿದು ನಾನು ಕೊರೆದದ್ದು 'ಎಲ್ಲ ಕೂಡಿಸು' ಎಂದು. ಇಷ್ಟನ್ನು ನನಗೆ ಹೇಳಲು ಒಬ್ಬರಿಗೂ ಪುರಸೊತ್ತಾಗಲಿಲ್ಲ. ಖುಷಿಗಿಂತ ಮೊದಲು ನನಗೆ ಅಳು ಬರುವಷ್ಟು ಸಿಟ್ಟು ಬಂತು, ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ.

ಸಂಜೆ ನಸೀಮಾ ಬಂದಾಗ ಹೇಳಿದೆ. ಸಿಗ್ಮಾದ ಕಾಲಬುಡದಲ್ಲಿ ಕೆ ಅಂದರೆ ಒಂದು ಅಂತ ಇರುತ್ತದೆ, ಅಲ್ಲಿಂದ ಶುರು. ತಲೆಯ ಮೇಲೆ ಮೂರು ಅಂತ ಇದ್ದರೆ ಮೂರಕ್ಕೆ ನಿಲ್ಲಬೇಕು. ಪಕ್ಕದಲ್ಲಿ ಕೆ ವರ್ಗ ಅಂತ ಇದ್ದರೆ ಒಂದೊಂದು ಸಲಕ್ಕೂ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು. ಒಂದರ ವರ್ಗ ಒಂದು, ಎರಡರ ವರ್ಗ ನಾಲ್ಕು, ಮೂರರ ವರ್ಗ ಒಂಬತ್ತು. ಎಲ್ಲ ಕೂಡಿಸಿದರೆ ಹದಿನಾಲ್ಕು. ಇಷ್ಟು ಹೇಳುವಷ್ಟರಲ್ಲಿ ನನಗೆ ಬೆವರು.

ನಸೀಮಾಳ ಮುಖ ಅರಳಿತು. "ಅಕ್ಕಾ, ಇದು ಅಪ್ಪನ ಟೆಂಪೋ!" ಎಂದಳು. "ಕೆಳಗೆ ಬರೆದದ್ದು ಭೈರುಂಬೆ, ಅಲ್ಲಿಂದ ಹೇರೋದು ಶುರು. ಮೇಲೆ ಬರೆದದ್ದು ಮಂಚಿಕೇರಿ, ಅಲ್ಲಿಗೆ ಹೇರೋದು ಬಂದ್. ಪಕ್ಕದಲ್ಲಿ ಬರೆದದ್ದು ಒಂದೊಂದು ಸ್ಟಾಪಲ್ಲಿ ಎಷ್ಟು ಗೊನೆ ಅಂತ. ಯಲ್ಲಾಪುರದಲ್ಲಿ ಇಳಿಸಿದಾಗ ಎಷ್ಟಿದೆಯೋ ಅದು ಉತ್ತರ."

ನನಗೂ ಅದು ಪೂರ್ತಿ ಅರ್ಥವಾದದ್ದು ಆಗಲೇ.

ಅಲ್ಲಿಂದ ಮುಂದೆ ನಮ್ಮದೇ ಒಂದು ಪದ್ಧತಿ ಆಯಿತು. ಹೊಸ ಚಿಹ್ನೆ ಬಂದರೆ ಅದು ಮೊದಲು ಬಂದ ಪುಟಕ್ಕೆ ಹೋಗುವುದು. ಸಣ್ಣ ಸಂಖ್ಯೆ ಹಾಕಿ ಅದು ಏನು ಮಾಡುತ್ತದೆಂದು ನೋಡುವುದು. ಆಮೇಲೆ ನಸೀಮಾ ಅದಕ್ಕೆ ಒಂದು ಕೆಲಸದ ಹೆಸರಿಡುವುದು. ಚಾವಣಿಯೊಂದನ್ನು ಬಿಟ್ಟು ನಾನು ಆಕಾರ ನೋಡಿ ಇಟ್ಟಿದ್ದ ಹೆಸರುಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಕನ್ನಡಕಕ್ಕೆ ಅವಳು 'ಮುಗಿಯದ ದಾರಿ' ಎಂದು ಹೆಸರಿಟ್ಟಳು. ನಾಗರ ಮುಂದಿನ ವರ್ಷದ ಪಾಠವಂತೆ, ಅವನ ಸರದಿ ಬಂದಾಗ ನೋಡೋಣ ಎಂದು ಬಿಟ್ಟೆವು.

ಪರೀಕ್ಷೆಗೆ ಇನ್ನೇನು ಎರಡು ದಿನ ಎನ್ನುವಾಗ ನಾನು ಎಡವಟ್ಟು ಮಾಡಿದೆ. ಒಂದು ಲೆಕ್ಕ ಓದಿದೆ: "ಒಂದು ಬೈ ಎಕ್ಸ್ ಪ್ಲಸ್ ಎರಡು. ಎಕ್ಸ್ ಅಂದರೆ ಎರಡು ಅಂತ ಹಾಕಿ ಮಾಡು." ನಸೀಮಾ ಎರಡೂವರೆ ಎಂದಳು. ಪುಸ್ತಕದ ಹಿಂದೆ ನೋಡಿದರೆ ಕಾಲು ಎಂದಿದೆ. ತಪ್ಪು ಎಂದೆ. ಅವಳು ಮತ್ತೆ ಮಾಡಿದಳು, ಮತ್ತೆ ಎರಡೂವರೆ. ಮತ್ತೆ ತಪ್ಪು ಎಂದೆ. "ಸರ್ ಹೇಳಿದ್ದೇ ಸರಿ ಅಕ್ಕಾ. ನಂಗೆ ಆಗೋದಿಲ್ಲ. ಬಿಡಿ" ಎಂದು ಕೋಲು ಹುಡುಕಲು ಕೈ ಚಾಚಿದಳು.

ನಾನು ಸೂತ್ರವನ್ನು ಮತ್ತೆ ನೋಡಿದೆ. ಒಂದರ ಕೆಳಗಿನ ಅಡ್ಡಗೆರೆ ಉದ್ದಕ್ಕಿತ್ತು. ಎಕ್ಸ್, ಪ್ಲಸ್, ಎರಡು, ಮೂರೂ ಅದರ ಕೆಳಗೆ ಕೂತಿದ್ದವು. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಮಾಡಿ, ಆಮೇಲೆ ಒಂದನ್ನು ಅದರಿಂದ ಭಾಗಿಸಬೇಕು. ಹಾಗಾಗಿ ಕಾಲು. ಆದರೆ ನಾನು ಓದಿದ್ದನ್ನು ಕೇಳಿದವರಿಗೆ ಗೆರೆ ಎಕ್ಸಿನ ಮೇಲಷ್ಟೇ ಇದೆಯೆಂದು ಅನಿಸಿದರೆ ಮೊದಲು ಅರ್ಧ, ಆಮೇಲೆ ಎರಡು, ಒಟ್ಟು ಎರಡೂವರೆ. ಅವಳ ಉತ್ತರದಲ್ಲಿ ತಪ್ಪೇ ಇರಲಿಲ್ಲ. ಗೆರೆ ಎಲ್ಲಿ ಮುಗಿಯಿತು ಎನ್ನುವುದನ್ನು ನನ್ನ ಕಣ್ಣು ನೋಡಿತು, ಬಾಯಿ ಹೇಳಲಿಲ್ಲ.

"ಕೂತ್ಕೊಳ್ಳೇ" ಎಂದೆ. "ತಪ್ಪು ನಿಂದಲ್ಲ, ನಂದು. ಗೆರೆ ಎಲ್ಲಿ ತನಕ ಇದೆ ಅಂತ ನಾನು ಹೇಳ್ಲೇ ಇಲ್ಲ."

ನಸೀಮಾ ಕೂತಳು. ಮೂಗು ಒರೆಸಿಕೊಂಡಳು. ಆಮೇಲೆ ನಗುತ್ತ ಮೇಜಿನ ಮೇಲೆ ಅಂಗೈಯಿಂದ ಒಂದು ಸಲ ಬಡಿದಳು. "ಅಪ್ಪನ ಟೆಂಪೋ ಹಿಂದೆ ಹಮಾಲರು ಹೀಗೇ ಮಾಡ್ತಾರೆ ಅಕ್ಕಾ. ಗಾಡಿಯ ತಗಡಿಗೆ ಒಂದು ಸಲ ಬಡಿದ್ರೆ ನಿಲ್ಸು, ಹೇರ್ಬೇಕು ಅಂತ. ಎರಡು ಸಲ ಬಡಿದ್ರೆ ಹೇರಿದ್ದು ಮುಗೀತು, ರೈಟ್, ಗಾಡಿ ಬಿಡು ಅಂತ. ನೀವೂ ಗೆರೆ ಶುರುವಾದಾಗ ಒಂದು ಬಡೀರಿ. ಮುಗಿದಾಗ ಎರಡು."

ಹಾಗೇ ಮಾಡಿದೆವು. ಗೆರೆಗೂ ಅದೇ, ರೂಟಿನ ಚಾವಣಿಗೂ ಅದೇ, ಕಂಸಕ್ಕೂ ಅದೇ. ಒಂದರೊಳಗೆ ಒಂದು ಕಂಸ ಬಂದರೆ ಒಂದು ಬಡಿತದ ಮೇಲೆ ಇನ್ನೊಂದು ಬಡಿತ, ಆಮೇಲೆ ಎರಡೆರಡು. ಆ ಎರಡು ದಿನ ನಮ್ಮ ಮನೆಯಿಂದ ಮೇಜು ಬಡಿಯುವ ಸದ್ದು ಕೇಳಿ ಆಚೆಮನೆಯವರು ಬಡಗಿ ಬಂದಿದ್ದಾನಾ ಎಂದು ವಿಚಾರಿಸಿದರು.

ಪರೀಕ್ಷೆಯ ದಿನ ರಫೀಕ ಟೆಂಪೋ ತೆಗೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳ ಜೊತೆ ಬಂದಿದ್ದ. ಲೆಕ್ಚರರ್ ನಸೀಮಾಳನ್ನು ಮಾತ್ರ ಒಳಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು. ನಾನೂ ರಫೀಕನೂ ವರಾಂಡದ ಬೆಂಚಿನ ಮೇಲೆ ಕೂತೆವು.

"ಅಕ್ಕಾ, ಅವಳು ಬಿದ್ರೆ ನಾನು ಮನೆಗೆ ಹೋಗಿ ಅವಳ ತಾಯಿಗೆ ಎಂತ ಹೇಳ್ಲಿ?" ಎಂದ ರಫೀಕ ಮೆಲ್ಲಗೆ. "ಸಮಾಜಶಾಸ್ತ್ರಾನೇ ಸಾಕು ಅಂತ ನಾನೇ ಹೇಳ್ಬೇಕಿತ್ತೇನೋ. ಅವಳು ಅಳೋದು ನಂಗೆ ನೋಡ್ಲಿಕ್ಕೆ ಆಗೋದಿಲ್ಲ."

"ಸುಮ್ನೆ ಕೂತ್ಕೋ ಮಾರಾಯಾ" ಎಂದೆ.

ಒಳಗೆ ಲೆಕ್ಚರರ್ ಹಾಳೆ ಬಿಡಿಸಿದ ಸದ್ದು. "ಸರಳದಿಂದ ಸುರು ಮಾಡೂಣು" ಎಂದರು. "ಸ್ಕ್ವೇರ್ ರೂಟ್ ಆಫ್ ಒಂಬತ್ತು ಪ್ಲಸ್ ಹದಿನಾರು. ಎಷ್ಟ?"

ರಫೀಕ ಕಣ್ಣು ಮುಚ್ಚಿಕೊಂಡ.

"ಸರ್, ರೂಟಿನ ಚಾವಣಿ ಎಲ್ಲಿಯವರೆಗೆ ಇದೆ?"

"ಹ್ಞಾಂ?"

"ಮೇಲಿನ ಗೆರೆ ಸರ್. ಒಂಬತ್ತರ ಮೇಲೆ ಮುಗೀತದಾ, ಹದಿನಾರರ ತನಕ ಹೋಗ್ತದಾ?"

"ಅದು ಕಾಣಸ್ತೈತಲ್ಲವಾ ಇಲ್ಲೇ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ನನಗೆ ಎದ್ದು ಒಳಗೆ ನುಗ್ಗಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಅಷ್ಟರಲ್ಲಿ ನಸೀಮಾಳ ಧ್ವನಿ ಕೇಳಿತು. ನಡುಕವಿಲ್ಲದ ಧ್ವನಿ.

"ಚಾವಣಿ ಒಂಬತ್ತಕ್ಕೇ ಮುಗಿದ್ರೆ ಮೂರಕ್ಕೆ ಹದಿನಾರು ಸೇರಿಸಿ ಹತ್ತೊಂಬತ್ತು. ಹದಿನಾರರ ತನಕ ಹೋದ್ರೆ ಇಪ್ಪತ್ತೈದರ ರೂಟ್, ಐದು. ನಿಮ್ಮ ಹಾಳೆಯಲ್ಲಿ ಯಾವುದಿದೆ ಸರ್?"

ಹಾಳೆ ಸರಿದಾಡಿತು. "ಪೂರ್ತಿ ಐತಿ" ಎಂದರು ಲೆಕ್ಚರರ್.

"ಹಾಗಾದ್ರೆ ಐದು. ಸರ್, ನೀವು ಗೆರೆ ಶುರುವಾದಾಗ ಮೇಜಿಗೆ ಒಂದು ಸಲ ಬಡೀರಿ, ಮುಗಿದಾಗ ಎರಡು ಸಲ. ಆಗ ನಾನು ಕೇಳೋದು ಬೇಡ."

"ಮೇಜು ಬಡಿಯೂದು ನನ್ನ ಕಡಿಂದ ಆಗಂಗಿಲ್ಲವಾ. ಕ್ಲಾಸ್‌ರೂಮ್ ಐತಿ ಇದು. ಬಾಯಿಲೇ ಹೇಳತೇನಿ."

ಬಾಯಿಂದಲೇ ಹೇಳಿದರು. ಇಲ್ಲಿ ಸುರು, ಇಲ್ಲಿ ಮುಗೀತು ಎಂದು ಪ್ರತಿಯೊಂದಕ್ಕೂ ಹೇಳುತ್ತ ಹೋದರು. ನಸೀಮಾ ಉತ್ತರ ಕೊಡುತ್ತ ಹೋದಳು. ಒಂದು ಕಡೆ ತಪ್ಪಿದಳು. ಅವರು ತಪ್ಪು ಎಂದಾಗ ತಾನೇ ಹಿಂದೆ ಹೋಗಿ ಮೈನಸ್ ಬಿಟ್ಟುಹೋಗಿದ್ದನ್ನು ಹಿಡಿದಳು. ಆ ಒಂದು ತಪ್ಪಿಗೆ ರಫೀಕ ನನ್ನ ಮಣಿಕಟ್ಟು ಹಿಡಿದದ್ದು ಇನ್ನೂ ನೋಯುತ್ತದೆ.

"ಸಾಕು" ಎಂದರು ಲೆಕ್ಚರರ್. ಕುರ್ಚಿ ಹಿಂದೆ ಸರಿದ ಸದ್ದು. "ಇದಕಿಂತ ಹೆಚ್ಚು ತಪ್ಪು ನನ್ನ ಕ್ಲಾಸಿನಾಗ ದಿನಾ ನೋಡತೇನಿ. ಸಮಾಜಶಾಸ್ತ್ರ ಬ್ಯಾಡ ಅಂತ ಆಫೀಸಿಗೆ ನಾನೇ ಹೇಳತೇನಿ. ನಾಳೆ ಗಣಿತದ ಕ್ಲಾಸಿಗೆ ಬಾ."

ರಫೀಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಅವಳು ಹೊರಗೆ ಬರುತ್ತಾಳೆಂದು ಎದ್ದು ನಿಂತೆ. ಅವಳು ಬರಲಿಲ್ಲ.

"ಸರ್, ಇವೆಲ್ಲ ಸಣ್ಣವು" ಎಂಬ ಮಾತು ಕೇಳಿತು. "ಒಂದು ದೊಡ್ಡದು ಕೇಳಿ."

ಸಾಕು ಎಂದಮೇಲೂ! ಈ ಹಟ ಇವಳಿಗೆ ಎಲ್ಲಿಂದ ಬಂತು ಎಂದು ರಫೀಕ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಲೆಕ್ಚರರ್ ನಕ್ಕರು. ಪುಟ ತಿರುವಿದರು. "ಸಿಗ್ಮಾ, ಕೆ ಒಂದರಿಂದ ಮೂರರ ತನಕ" ಎಂದು ಓದಲು ತೊಡಗಿದರು. "ಗೆರಿ ಮ್ಯಾಲೆ ಒಂದು. ಗೆರಿ ಕೆಳಗ ರೂಟ್... ಸುರು... ಕೆ ಪ್ಲಸ್, ಮತ್ತ ಕಂಸ ಸುರು, ಕೆ ಮೈನಸ್... ಅಲ್ಲ, ತಡಿ. ಗೆರಿ ಇನ್ನೂ ಮುಗಿದಿಲ್ಲ. ರೂಟ್... ಅದೂ ಮುಗಿದಿಲ್ಲ..." ನಾಲಿಗೆ ತೊಡರಿತು. ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲಿಗೇ ಬಂದು ನಿಂತರು.

ತೋಳಿನ ಸೀಮೆಸುಣ್ಣ ಕೊಡವಿಕೊಂಡ ಸದ್ದು ಕೇಳಿತು. ಆಮೇಲೆ, ಸ್ವಲ್ಪ ಸಂಕೋಚದಿಂದಲೇ, ಮೇಜಿನ ಮೇಲೆ ಒಂದು ಬಡಿತ. ಓದು ಮುಂದೆ ಹೋಯಿತು. ಮತ್ತೊಂದು ಬಡಿತ, ಈ ಸಲ ಜೋರಾಗಿ, ಕಂಸಕ್ಕೆ ಇನ್ನೊಂದು. ಕೆ, ಪ್ಲಸ್, ಮೈನಸ್, ಎಲ್ಲ ಒಂದೊಂದಾಗಿ ಹತ್ತಿಕೊಂಡವು. ಒಳಗಿನವು ಮುಗಿದಾಗ ಮೆಲ್ಲಗೆ ಎರಡೆರಡು, ಕೊನೆಗೆ ಗೆರೆ ಮುಗಿದಾಗ ಎರಡು ಸಲ ಗಟ್ಟಿಯಾಗಿ ಬಡಿದರು.

ಪಕ್ಕದಲ್ಲಿ ಮತ್ತೆ ಮುಖ ಮುಚ್ಚಿಕೊಂಡು ಕೂತಿದ್ದ ರಫೀಕನಿಗೆ ಗೆರೆ, ಕಂಸ ಒಂದೂ ತಲೆಗೆ ಹೋಗಿರಲಿಲ್ಲ. ಆ ಎರಡು ಬಡಿತ ಕೇಳಿದ್ದೇ ತಡ, ಅವನ ಬಲಗಾಲು ತಾನಾಗಿ, ಎಕ್ಸಲರೇಟರ್ ಮೇಲಿರುವ ಹಾಗೆ, ವರಾಂಡದ ನೆಲವನ್ನು ಒತ್ತಿತು.